ಹಿಮಹರಳಿನ ಬೆಂಟ್ಲಿ

ಕಳೆದ ಮಾರ್ಚ್‌ನಲ್ಲಿ ಹುಮನಾಬಾದ್ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅಭ್ಯಾಸ ಬೋಧನೆಯ ಪಾಠವೊಂದನ್ನು ವೀಕ್ಷಿಸುತ್ತಿದ್ದೆ. ಏಳನೆಯ ತರಗತಿ, ವಿಷಯ ಹವಾಮಾನ. ಪ್ರಶಿಕ್ಷಣಾರ್ಥಿ ಚೆನ್ನಾಗಿ ಸಿದ್ಧತೆ ಮಾಡಿಕೊಂಡು ಬಂದಿದ್ದರು. ಪೀಠಿಕೆ ಸರಿಯಾಗಿತ್ತು, ಬೋಧನೋಪಕರಣವಾಗಿ ಒಂದು ದೊಡ್ಡ ಚಾರ್ಟ್ ಇತ್ತು, ಅದರಲ್ಲಿ ಆರು ಮೂಲೆಯ ಹಿಮದ ನಕ್ಷತ್ರಗಳು ಸಾಲಾಗಿ ಅಚ್ಚಾಗಿದ್ದವು. ಅದಕ್ಕೆ ನಾಲ್ಕು ದಿನ ಮೊದಲು ಆ ಊರಿನ ಮೇಲೆ ಆಣಿಕಲ್ಲು ಬಿದ್ದಿತ್ತು. ಮಕ್ಕಳ ಪೂರ್ವಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇರೆ ಸಿಗುವುದಿಲ್ಲ ಎಂದುಕೊಂಡು ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ.

ಪಾಠ ಹತ್ತು ನಿಮಿಷ ನಡೆದ ಮೇಲೆ ಒಬ್ಬ ಹುಡುಗ ಎದ್ದು ನಿಂತ. ಚಳಿಗಾಲದ ಬೆಳಿಗ್ಗೆ ತೊಗರಿ ಹೊಲದ ಮೇಲೆ ಹೊಗೆಯಂತೆ ನಿಲ್ಲುವುದೂ ಮಂಜು, ಹಿಮಾಲಯದ ಮೇಲೆ ಬೀಳುವುದೂ ಮಂಜು, ಫ್ರಿಜ್ಜಿನಲ್ಲಿ ಕಟ್ಟುವುದು ಮಂಜುಗಡ್ಡೆ, ಹಾಗಾದರೆ ಇವೆಲ್ಲ ಒಂದೆಯೇ ಎಂಬುದು ಅವನ ಪ್ರಶ್ನೆ. ಜೊತೆಗೆ, ತಾನು ಆಯ್ದುಕೊಂಡ ಆಣಿಕಲ್ಲು ಗುಂಡಗಿತ್ತು, ಚಾರ್ಟಿನ ನಕ್ಷತ್ರದಂತೆ ಇರಲಿಲ್ಲ ಎಂದೂ ಸೇರಿಸಿದ. ಪ್ರಶಿಕ್ಷಣಾರ್ಥಿ ಎಲ್ಲವೂ ನೀರೇ ಎಂದು ಹೇಳಿ ಮುಂದೆ ಹೋದರು. ನಾನು ವೀಕ್ಷಣಾ ಪುಸ್ತಕದಲ್ಲಿ ಪಾರಿಭಾಷಿಕ ಪದಗಳ ಸ್ಪಷ್ಟತೆ ಸಾಲದು ಎಂದು ಬರೆದೆ. ಬರೆದ ಮೇಲೆ, ಆ ಹುಡುಗ ನನ್ನನ್ನೇ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ ಎಂದು ಯೋಚಿಸಿದೆ. ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಮರಳುವವರೆಗೂ ಉತ್ತರ ಹೊಳೆಯಲಿಲ್ಲ.

ಆ ಚಾರ್ಟಿನ ನಕ್ಷತ್ರಗಳ ಮೂಲ ಹುಡುಕುತ್ತ ಹೋದರೆ ನಾವು ಒಬ್ಬ ರೈತನ ಮನೆಗೆ ಹೋಗಿ ಮುಟ್ಟುತ್ತೇವೆ. ನಮ್ಮ ಪಠ್ಯಪುಸ್ತಕಗಳಲ್ಲಿ, ಶುಭಾಶಯ ಪತ್ರಗಳಲ್ಲಿ, ಬಟ್ಟೆಯ ಮೇಲಿನ ವಿನ್ಯಾಸದಲ್ಲಿ ಕಾಣುವ ಹಿಮಹರಳಿನ ಚಿತ್ರ ಬಹುಮಟ್ಟಿಗೆ ಆತನ ಕ್ಯಾಮೆರಾದಿಂದ ಬಂದದ್ದು. ಹೆಸರು ವಿಲ್ಸನ್ ಬೆಂಟ್ಲಿ. ಅವರ ಬದುಕನ್ನು ಇಲ್ಲಿ ಹೇಳಲು ಹೊರಟಿರುವುದಕ್ಕೆ ಎರಡು ಕಾರಣ. ಅವರು ಮಾಡಿದ ಪ್ರಯೋಗಗಳಲ್ಲಿ ಒಂದನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಯಾವ ಖರ್ಚೂ ಇಲ್ಲದೆ ಮಾಡಬಹುದು. ಅವರ ಕೆಲಸದಲ್ಲಿದ್ದ ಒಂದು ದೌರ್ಬಲ್ಯ ನಮ್ಮ ಬೋಧನೋಪಕರಣಗಳಲ್ಲೂ ಇದೆ.

ಬೆಂಟ್ಲಿ ಹುಟ್ಟಿದ್ದು 1865ರ ಫೆಬ್ರವರಿ 9ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೋ ಎಂಬ ಹಳ್ಳಿಯಲ್ಲಿ. ತಂದೆ ಹೈನುಗಾರಿಕೆ ಮಾಡುವ ರೈತ. ತಾಯಿ ಫ್ಯಾನಿ ಮದುವೆಗೆ ಮುಂಚೆ ಶಾಲಾ ಶಿಕ್ಷಕಿಯಾಗಿದ್ದವರು. ಜೆರಿಕೋ ಉತ್ತರದ ಚಳಿಸೀಮೆ. ಒಂದು ಚಳಿಗಾಲದಲ್ಲಿ ಬೀಳುವ ಹಿಮವನ್ನೆಲ್ಲ ಸೇರಿಸಿ ಅಳೆದರೆ ಸುಮಾರು ಮೂರು ಮೀಟರ್ ಎತ್ತರವಾಗುತ್ತದೆ. ಅಲ್ಲಿನ ರೈತನಿಗೆ ಹಿಮ ಎಂದರೆ ದಾರಿ ಬಿಡಿಸುವ ಕೆಲಸ, ದನಗಳಿಗೆ ಮೇವಿನ ಚಿಂತೆ. ಅದನ್ನು ನಿಂತು ನೋಡುವವರು ಯಾರೂ ಇರಲಿಲ್ಲ.

ವಿಲ್ಸನ್ ಹದಿನಾಲ್ಕು ವರ್ಷದವರೆಗೆ ಶಾಲೆಗೆ ಹೋಗಲಿಲ್ಲ. ತಾಯಿಯೇ ಮನೆಯಲ್ಲಿ ಪಾಠ ಹೇಳಿದರು. ಮನೆಯಲ್ಲಿ ವಿಶ್ವಕೋಶದ ಸಂಪುಟಗಳಿದ್ದವು, ಹುಡುಗ ಅವನ್ನು ಓದಿ ಮುಗಿಸಿದ. ತಾಯಿ ಹಿಂದೆ ತರಗತಿಯಲ್ಲಿ ಬಳಸಿದ್ದ ಒಂದು ಹಳೆಯ ಸೂಕ್ಷ್ಮದರ್ಶಕ ಪೆಟ್ಟಿಗೆಯಲ್ಲಿತ್ತು. ಮಗನಿಗೆ ಹದಿನೈದು ತುಂಬಿದಾಗ ಅದನ್ನು ಅವನ ಕೈಗೆ ಕೊಟ್ಟರು. ಫೆಬ್ರವರಿ ತಿಂಗಳು, ಹೊರಗೆ ಹಿಮ ಬೀಳುತ್ತಿತ್ತು. ಹುಡುಗ ಮೊದಲು ಮಸೂರದ ಕೆಳಗೆ ಇಟ್ಟದ್ದು ಅದನ್ನೇ.

ತರಬೇತಿ ಕಾಲೇಜಿನಲ್ಲಿ ಕೆಲಸ ಮಾಡುವ ನನಗೆ ಈ ಹಳೆಯ ಸೂಕ್ಷ್ಮದರ್ಶಕದ ಪ್ರಸಂಗ ಕಸಿವಿಸಿ ತರುತ್ತದೆ. ನಮ್ಮ ಎಷ್ಟೋ ಪ್ರಯೋಗಾಲಯಗಳಲ್ಲಿ ಸೂಕ್ಷ್ಮದರ್ಶಕ ಬೀರುವಿನೊಳಗೆ ಬೀಗ ಹಾಕಿಕೊಂಡು ಕುಳಿತಿರುತ್ತದೆ, ದಾಸ್ತಾನು ಪುಸ್ತಕದಲ್ಲಿ ಅದರ ನಮೂದು ಮಾತ್ರ ಹೊರಗೆ ಕಾಣುತ್ತದೆ. ಒಡೆದರೆ ಯಾರು ಹೊಣೆ ಎಂಬ ಭಯ ನಮಗೆಲ್ಲ ಇದೆ, ನನಗೂ ಇದೆ. ಆ ತಾಯಿಗೆ ಇರಲಿಲ್ಲ.

ಕಂಡದ್ದನ್ನು ಹುಡುಗ ಚಿತ್ರ ಬರೆದಿಡಲು ಪ್ರಯತ್ನಿಸಿದ. ಹಿಮಹರಳು ಕ್ಷಣದಲ್ಲಿ ಕರಗುತ್ತದೆ, ಇಲ್ಲವೇ ಕರಗದೆ ನೇರವಾಗಿ ಆವಿಯಾಗಿ ಸವೆದುಹೋಗುತ್ತದೆ. ರೇಖೆ ಮುಗಿಯುವ ಮೊದಲೇ ಮೂಲವೇ ಇಲ್ಲ. ಹೀಗೆ ಕೆಲವು ಚಳಿಗಾಲ ನೂರಾರು ಚಿತ್ರ ಬರೆದರೂ ತೃಪ್ತಿಯಾಗಲಿಲ್ಲ. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಚಿತ್ರ ತೆಗೆಯಬಹುದು ಎಂದು ಎಲ್ಲೋ ಓದಿದ ಮೇಲೆ ಅದೇ ಹಂಬಲ ಹತ್ತಿತು. ಉಪಕರಣಕ್ಕೆ ಬೇಕಾದದ್ದು ಸುಮಾರು 100 ಡಾಲರ್. ಆ ಹಣಕ್ಕೆ ಹತ್ತು ಹಸು ಬರುತ್ತಿದ್ದವು ಎಂದು ಹೇಳುವುದುಂಟು. ತಂದೆಗೆ ಇದು ಶುದ್ಧ ಹುಚ್ಚಾಟವಾಗಿ ಕಂಡಿತು. ಹಾಗಿದ್ದೂ ಕೊನೆಗೆ ಹಣ ಕೊಟ್ಟರು. ಮಗ ಮಾಡುತ್ತಿರುವುದು ಸಮಯ ಕಳೆಯುವ ಕೆಲಸ ಎಂಬ ಅಭಿಪ್ರಾಯವನ್ನು ಮಾತ್ರ ಅವರು ಬಿಡಲಿಲ್ಲ.

ಸೂಕ್ಷ್ಮದರ್ಶಕ, ಅದರ ಹಿಂದೆ ಮಡಿಕೆಯ ತೊಗಲಿನ ಚೀಲವಿದ್ದ ಉದ್ದನೆಯ ಕ್ಯಾಮೆರಾ. ಎರಡನ್ನೂ ಜೋಡಿಸಿದಾಗ ಹಿಂದೆ ನಿಂತು ಬಿಂಬ ನೋಡುವವನ ಕೈ ಮುಂದಿನ ತಿರುಪಿಗೆ ಎಟಕುತ್ತಿರಲಿಲ್ಲ. ವಿಲ್ಸನ್ ಗಾಲಿ ಮತ್ತು ಹುರಿ ಕಟ್ಟಿ ಅದನ್ನು ಹಿಂದಿನಿಂದಲೇ ತಿರುಗಿಸುವ ಉಪಾಯ ಮಾಡಿದ. ಮೊದಲ ಚಳಿಗಾಲದಲ್ಲಿ ತೆಗೆದ ಫಲಕಗಳೆಲ್ಲ ಹಾಳಾದವು. ಬೆಳಕಿನ ರಂಧ್ರವನ್ನು ಬಹಳ ಸಣ್ಣದು ಮಾಡಿ, ಹೆಚ್ಚು ಹೊತ್ತು ಬೆಳಕು ಬಿಟ್ಟಾಗ ಅಂಚುಗಳು ಸ್ಪಷ್ಟವಾದವು. 1885ರ ಜನವರಿ 15ರಂದು ಒಂದು ಹಿಮಹರಳಿನ ಪೂರ್ಣ ಚಿತ್ರ ಗಾಜಿನ ಫಲಕದ ಮೇಲೆ ಮೂಡಿತು. ಆಗ ಅವನಿಗೆ ಇಪ್ಪತ್ತು ತುಂಬಲು ಇನ್ನೂ ಕೆಲವು ದಿನವಿತ್ತು. ಒಂದೊಂದೇ ಹಿಮಹರಳಿನ ಛಾಯಾಚಿತ್ರವನ್ನು ಹೀಗೆ ತೆಗೆದವರಲ್ಲಿ ಅವರೇ ಮೊದಲಿಗರು ಎಂದು ಗಣಿಸುತ್ತಾರೆ.

ಅಲ್ಲಿಂದ ಮುಂದೆ ನಲವತ್ತಾರು ವರ್ಷ ಅದೇ ಕೆಲಸ, ಅದೇ ಕ್ಯಾಮೆರಾ, ಅದೇ ಮನೆ. ಮನೆಯ ಹಿಂದಿನ ಬೆಂಕಿಯಿಲ್ಲದ ಕೊಠಡಿ ಅವರ ಪ್ರಯೋಗಾಲಯ. ಹಿಮ ಬೀಳತೊಡಗಿದಾಗ ಕಪ್ಪು ಬಣ್ಣ ಬಳಿದ ಹಲಗೆಯನ್ನು ಹೊರಗೆ ಹಿಡಿಯುವುದು. ಹಲಗೆಯ ಮೈಬಿಸಿ ತಾಗದಿರಲಿ ಎಂದು ಅದಕ್ಕೆ ತಂತಿಯ ಹಿಡಿಕೆ. ಮಸೂರದಲ್ಲಿ ನೋಡಿ ಬೇಕಾದ ಹರಳನ್ನು ಆರಿಸಿ, ಕಸಬರಿಗೆಯ ಕಡ್ಡಿಯ ತುದಿಯಿಂದ ಮೆಲ್ಲಗೆ ಎತ್ತಿ, ತಣ್ಣಗಿನ ಗಾಜಿನ ಚೂರಿನ ಮೇಲಿಟ್ಟು, ಹಕ್ಕಿಯ ಪುಕ್ಕದಿಂದ ಸವರಿ ಚಪ್ಪಟೆಯಾಗಿ ಕೂರಿಸುವುದು. ಇಷ್ಟೂ ಹೊತ್ತು ಉಸಿರು ಬಿಗಿಹಿಡಿದಿರಬೇಕು, ಉಸಿರು ತಾಗಿದರೆ ಹರಳು ಹೋಯಿತು. ಆಮೇಲೆ ಕಿಟಕಿಯ ಕಡೆಗೆ ಕ್ಯಾಮೆರಾ ತಿರುಗಿಸಿ ಆಕಾಶದ ಬೆಳಕು ಹರಳಿನ ಮೂಲಕ ಹಾಯುವಂತೆ ಮಾಡಿ, ಹತ್ತರಿಂದ ನೂರು ಸೆಕೆಂಡುಗಳವರೆಗೆ ಫಲಕಕ್ಕೆ ಬೆಳಕು ಬಿಡುವುದು. ಕೆಲವು ಹಿಮಪಾತಗಳಲ್ಲಿ ಡಜನುಗಟ್ಟಲೆ ಚಿತ್ರ ಸಿಕ್ಕುತ್ತಿದ್ದವು, ಕೆಲವು ಇಡೀ ತಿಂಗಳು ಒಂದೂ ಇಲ್ಲ. ಉಳಿದ ಹೊತ್ತು ಅವರು ರೈತ. ಹಾಲು ಕರೆಯುವುದು, ಹುಲ್ಲು ಕೊಯ್ಯುವುದು ತಪ್ಪಲಿಲ್ಲ. ತಂದೆ ತೀರಿಕೊಂಡ ಮೇಲೆ ಅಣ್ಣ ಚಾರ್ಲ್ಸ್‌ನ ಸಂಸಾರದೊಂದಿಗೆ ಅದೇ ಮನೆಯಲ್ಲಿ ಉಳಿದರು. ಮದುವೆಯಾಗಲಿಲ್ಲ. ಪಿಯಾನೋ ನುಡಿಸುತ್ತಿದ್ದರು, ಊರವರಿಗೆ ತಮ್ಮ ಹಿಮದ ಚಿತ್ರಗಳನ್ನು ತೋರಿಸುವ ಆಸೆಯಿತ್ತು, ಊರವರಿಗೆ ನೋಡುವ ಆಸೆ ಅಷ್ಟಾಗಿ ಇರಲಿಲ್ಲ.

ಇಲ್ಲಿ ಆ ಹುಡುಗನ ಪ್ರಶ್ನೆಗೆ ಮರಳುತ್ತೇನೆ, ಏಕೆಂದರೆ ಬೆಂಟ್ಲಿ ಬೇರೆ ಬೇರೆಯಾಗಿ ಕಂಡದ್ದನ್ನು ನಾವು ಒಂದೇ ಪದದಲ್ಲಿ ಕಟ್ಟಿಹಾಕಿದ್ದೇವೆ. ನಮ್ಮ ಮಂಜು ಎಂಬ ಮಾತಿಗೆ ಕಡಿಮೆಯೆಂದರೆ ನಾಲ್ಕು ಅರ್ಥ. ನೆಲಕ್ಕೆ ತಾಗಿ ನಿಲ್ಲುವ ಮೋಡ ಮಂಜು. ಅದು ದ್ರವರೂಪದ ಸಣ್ಣ ಹನಿಗಳ ಗುಂಪು, ಅದರಲ್ಲಿ ಗಟ್ಟಿಯಾದದ್ದು ಏನೂ ಇಲ್ಲ. ಹುಲ್ಲಿನ ಮೇಲಿನ ಹನಿಯನ್ನೂ ಕೆಲವರು ಮಂಜು ಎನ್ನುತ್ತಾರೆ, ಅದಕ್ಕೆ ಇಬ್ಬನಿ ಎಂಬ ಚೆಂದದ ಪದವಿದೆ. ಇಬ್ಬನಿ ಆಕಾಶದಿಂದ ಬೀಳುವುದಿಲ್ಲ, ರಾತ್ರಿ ತಣ್ಣಗಾದ ಎಲೆಯ ಮೇಲೆ ಗಾಳಿಯೊಳಗಿನ ಆವಿ ಅಲ್ಲಿಯೇ ನೀರಾಗುತ್ತದೆ. ಎಲೆಯ ಮೇಲ್ಮೈ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ ಆವಿ ನೀರಾಗದೆ ನೇರವಾಗಿ ಹರಳಾಗುತ್ತದೆ, ಬಿಳಿಯ ಪುಡಿಯಂತೆ ಕಾಣುತ್ತದೆ. ಇದಕ್ಕೆ ನಮ್ಮ ಮನೆಮಾತಿನಲ್ಲಿ ಪದವಿಲ್ಲ, ಏಕೆಂದರೆ ನಮ್ಮ ಹೊಲದಲ್ಲಿ ಆ ಚಳಿಯೇ ಬರುವುದಿಲ್ಲ. ಕರ್ನಾಟಕದಲ್ಲೇ ಹೆಚ್ಚು ಚಳಿಯ ಊರುಗಳ ಪಟ್ಟಿಯಲ್ಲಿ ಬೀದರ್ ಹೆಸರು ಪದೇ ಪದೇ ಬಂದರೂ ಅದು ನೀರು ಹೆಪ್ಪುಗಟ್ಟುವ ಚಳಿಯಲ್ಲ. ಪುಸ್ತಕದಲ್ಲಿ ಹೆಪ್ಪಿಬ್ಬನಿ ಎಂದೋ ತುಷಾರ ಎಂದೋ ಬರೆಯಬಹುದು. ಆದರೆ ಹೆಪ್ಪಿಬ್ಬನಿ ಎಂದಾಗ ಇಬ್ಬನಿಯೇ ಆಮೇಲೆ ಹೆಪ್ಪುಗಟ್ಟಿತು ಎಂಬ ತಪ್ಪು ಕಲ್ಪನೆ ಬರುತ್ತದೆ. ಹಾಗೆ ಆಗುವುದೂ ಉಂಟು, ಆದರೆ ಅದು ಬೇರೆ ವಸ್ತು, ಗಾಜಿನ ಮಣಿಯಂತೆ ಇರುತ್ತದೆ, ಹರಳಿನ ರೇಖೆ ಇರುವುದಿಲ್ಲ. ಬೆಂಟ್ಲಿ ಕಿಟಕಿಯ ಗಾಜಿನ ಮೇಲೆ ಬಳ್ಳಿಯಂತೆ ಹಬ್ಬುವ ಹರಳುಗಳನ್ನೂ ಜೇಡರ ಬಲೆಯ ಮೇಲಿನ ಇಬ್ಬನಿಯನ್ನೂ ಬೇರೆ ಬೇರೆಯಾಗಿ ಚಿತ್ರ ತೆಗೆದಿಟ್ಟರು.

ಮೋಡದಿಂದ ಹರಳಾಗಿಯೇ ಇಳಿಯುವುದು ಹಿಮ. ಮೋಡದೊಳಗೆ ಆವಿ ಒಂದು ಧೂಳಿನ ಕಣದ ಸುತ್ತ ನೇರವಾಗಿ ಗಟ್ಟಿಯಾಗಿ, ಕೆಳಗೆ ಬರುತ್ತ ಬರುತ್ತ ಇನ್ನಷ್ಟು ಆವಿಯನ್ನು ಹಿಡಿದು ಬೆಳೆಯುತ್ತದೆ. ನೀರಿನ ಅಣುಗಳು ಒಂದಕ್ಕೊಂದು ಕೈಹಿಡಿದು ಗಟ್ಟಿಯಾಗುವಾಗ ಆರು ಬದಿಯ ಜೋಡಣೆ ಉಂಟಾಗುತ್ತದೆ. ಆದ್ದರಿಂದ ಹರಳಿಗೆ ಆರು ಮೂಲೆ. ಆರೇ ಏಕೆ ಎಂಬ ಪ್ರಶ್ನೆ ಹೊಸದಲ್ಲ, ಖಗೋಳಶಾಸ್ತ್ರಜ್ಞ ಕೆಪ್ಲರ್ 1611ರಲ್ಲಿಯೇ ಅದರ ಮೇಲೆ ಒಂದು ಕಿರುಪುಸ್ತಕ ಬರೆದಿದ್ದರು. ಒಂಟಿ ಹರಳು ಹಿಮಹರಳು, ಹಲವು ಹರಳು ಸಿಕ್ಕಿಕೊಂಡು ಹತ್ತಿಯ ಎಳೆಯಂತೆ ಬೀಳುವುದು ಹಿಮದಳ. ಪಾಠ ಮಾಡುವಾಗ ಇವೆರಡನ್ನೂ ಬೇರೆ ಇಡುವುದು ಒಳ್ಳೆಯದು. ನಿಂತ ನೀರು ಗಟ್ಟಿಯಾದರೆ ಮಂಜುಗಡ್ಡೆ. ಹುಮನಾಬಾದಿನಲ್ಲಿ ಯಾವ ಮಗುವೂ ಮನೆಯಲ್ಲಿ ಈ ಪದ ಆಡುವುದಿಲ್ಲ. ಬಣ್ಣದ ಪಾನಕ ಸುರಿದು ಕೊಡುವ ಗೋಲಾದಲ್ಲಿ ಇರುವುದು ಬರ್ಫ. ನಮ್ಮ ಮಾತಿನಲ್ಲಿ ಆ ಪದ ಅಷ್ಟು ಗಟ್ಟಿಯಾಗಿ ಕುಳಿತಿದೆ. ಮಗು ಬರ್ಫ ಎಂದರೆ ತಿದ್ದಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಗಟ್ಟಿ ನೀರು ಎಂದು ಮಗುವಿಗೆ ಖಚಿತವಾಗಿ ಗೊತ್ತಿದೆ, ಮಂಜುಗಡ್ಡೆ ಎಂದಾಗ ಆ ಖಚಿತತೆ ಇರುವುದಿಲ್ಲ.

ಆಣಿಕಲ್ಲಿನ ಹುಟ್ಟು ಇವೆಲ್ಲಕ್ಕಿಂತ ಬೇರೆ. ಪುಸ್ತಕದ ಆಲಿಕಲ್ಲೂ ನಮ್ಮ ಆಣಿಕಲ್ಲೂ ಒಂದೇ. ಬೇಸಿಗೆಯ ಕಾದ ನೆಲದಿಂದ ಮೇಲೇಳುವ ಗಾಳಿ ಗುಡುಗಿನ ಮೋಡದೊಳಗೆ ರಭಸವಾಗಿ ಏರುತ್ತದೆ. ಅಲ್ಲಿ ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲೂ ದ್ರವವಾಗಿಯೇ ಉಳಿದ ಹನಿಗಳಿರುತ್ತವೆ. ಅವು ಒಂದು ಸಣ್ಣ ಗಟ್ಟಿ ಕಣಕ್ಕೆ ತಾಗಿದ ಕೂಡಲೆ ಅದಕ್ಕೆ ಅಂಟಿ ಗಟ್ಟಿಯಾಗುತ್ತವೆ. ಏರುಗಾಳಿ ಹೊತ್ತುಕೊಂಡಿರುವಷ್ಟು ಹೊತ್ತು ಪದರದ ಮೇಲೆ ಪದರ ಕಟ್ಟುತ್ತದೆ. ನೀರು ನಿಧಾನವಾಗಿ ಹೆಪ್ಪುಗಟ್ಟಿದ ಪದರ ಗಾಜಿನಂತೆ ತಿಳಿ, ತಟ್ಟನೆ ಹೆಪ್ಪುಗಟ್ಟಿದ ಪದರದಲ್ಲಿ ಗಾಳಿಗುಳ್ಳೆ ಸಿಕ್ಕಿ ಹಾಲಿನಂತೆ ಬಿಳಿ. ಆಣಿಕಲ್ಲನ್ನು ಅಡ್ಡಲಾಗಿ ಕತ್ತರಿಸಿದರೆ ಈರುಳ್ಳಿಯ ಸುರುಳಿಯಂತೆ ಈ ಪದರಗಳು ಕಾಣುತ್ತವೆ. ಐದು ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಅಗಲವಿದ್ದರೆ ಮಾತ್ರ ಹವಾಮಾನಶಾಸ್ತ್ರದಲ್ಲಿ ಅದು ಆಲಿಕಲ್ಲು, ಅದಕ್ಕಿಂತ ಸಣ್ಣದಕ್ಕೆ ಬೇರೆ ಹೆಸರುಗಳಿವೆ. ಹುಡುಗನ ಕೈಯಲ್ಲಿದ್ದದ್ದು ನಕ್ಷತ್ರವಾಗಿರಲು ಸಾಧ್ಯವಿರಲಿಲ್ಲ. ಅವನು ನೋಡಿದ್ದು ಸರಿಯಾಗಿತ್ತು, ಚಾರ್ಟಿನಲ್ಲಿದ್ದದ್ದು ಬೇರೆಯದೇ ವಸ್ತು.

ಇದರ ಭಯ ನಮ್ಮ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. 2014ರ ಮಾರ್ಚ್‌ನ ಆಣಿಕಲ್ಲಿನ ಮಳೆ ಮಹಾರಾಷ್ಟ್ರದ ಜೊತೆಗೆ ಉತ್ತರ ಕರ್ನಾಟಕದ ಗಡಿ ಜಿಲ್ಲೆಗಳನ್ನೂ ಹೊಡೆದದ್ದನ್ನು ಹಿರಿಯರು ನೆನೆಯುತ್ತಾರೆ. ಕೊಯ್ಲಿಗೆ ಬಂದ ಜೋಳ, ಕಡಲೆ, ಮಿಡಿ ಕಟ್ಟಿದ ಮಾವು, ಎಲ್ಲಕ್ಕೂ ಅದೇ ಕಾಲ. ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ 1888ರ ಏಪ್ರಿಲ್ 30ರಂದು ಬಿದ್ದ ಆಲಿಕಲ್ಲಿಗೆ 246 ಜನ ಸತ್ತರು. ಆಲಿಕಲ್ಲಿನಿಂದಾದ ಸಾವಿನಲ್ಲಿ ಅದು ಇಂದಿಗೂ ಜಗತ್ತಿನ ದಾಖಲೆ. ಅದೇ ಹೊತ್ತಿಗೆ ಜೆರಿಕೋದಲ್ಲಿ ಬೆಂಟ್ಲಿ ಚಿತ್ರ ತೆಗೆಯತೊಡಗಿ ಮೂರು ವರ್ಷವಾಗಿತ್ತು, ಅವರ ಹೆಸರು ತಮ್ಮ ಊರಿನಾಚೆಗೆ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು 1898ರಲ್ಲಿ. ವರ್ಮಾಂಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾರ್ಜ್ ಪರ್ಕಿನ್ಸ್ ಅವರ ನೆರವಿನಿಂದ ಒಂದು ಜನಪ್ರಿಯ ವಿಜ್ಞಾನ ಮಾಸಿಕದಲ್ಲಿ ಹಿಮಹರಳಿನ ಕುರಿತ ಲೇಖನ ಅಚ್ಚಾಯಿತು. ಹದಿಮೂರು ವರ್ಷದ ಕೆಲಸ ಅಲ್ಲಿಯವರೆಗೆ ಪೆಟ್ಟಿಗೆಯಲ್ಲಿತ್ತು. ಆಮೇಲೆ ಅವರು ಅಮೆರಿಕದ ಹವಾಮಾನ ಇಲಾಖೆಯ ಮಾಸಿಕಕ್ಕೆ ಪದೇ ಪದೇ ಬರೆದರು. ಯಾವ ಹಿಮಪಾತದಲ್ಲಿ ಎಂಥ ಹರಳು, ಆಗ ಉಷ್ಣತೆ ಎಷ್ಟು, ಗಾಳಿ ಎತ್ತ, ಮೋಡದ ಎತ್ತರ ಎಷ್ಟು ಎಂದು ದಿನಚರಿಯಲ್ಲಿ ಬರೆದಿಡುತ್ತಿದ್ದರು. ಹರಳಿನ ಆಕಾರಕ್ಕೂ ಅದು ಬೆಳೆದ ಗಾಳಿಯ ಉಷ್ಣತೆಗೂ ಸಂಬಂಧವಿದೆ ಎಂಬುದನ್ನು ಅವರು ಆ ಟಿಪ್ಪಣಿಗಳಿಂದಲೇ ಊಹಿಸಿದರು. 1903ರಲ್ಲಿ 500 ಚಿತ್ರಗಳನ್ನು ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳುಹಿಸಿದರು, ಮನೆಗೆ ಬೆಂಕಿ ಬಿದ್ದರೂ ಅವು ಉಳಿಯಬೇಕಲ್ಲ. ಗಾಜಿನ ಸ್ಲೈಡುಗಳನ್ನು ಒಂದಕ್ಕೆ ಐದು ಸೆಂಟ್ ಬೆಲೆಗೆ ಶಾಲೆ ಕಾಲೇಜುಗಳಿಗೆ ಕೊಡುತ್ತಿದ್ದರು. ಅದರಲ್ಲಿ ಲಾಭವೇನೂ ಇರಲಿಲ್ಲ.

ಈಗ ದೌರ್ಬಲ್ಯದ ವಿಷಯ. ಬಿಳಿ ಆಕಾಶದ ಎದುರು ತೆಗೆದ ಪಾರದರ್ಶಕ ಹರಳಿನ ಚಿತ್ರ ಮಸುಕಾಗಿರುತ್ತದೆ. ಅದಕ್ಕಾಗಿ ಬೆಂಟ್ಲಿ ಫಲಕದ ಒಂದು ಪ್ರತಿ ಮಾಡಿಕೊಂಡು, ಹರಳಿನ ಅಂಚಿನ ಹೊರಗಿದ್ದ ಲೇಪವನ್ನು ಚೂಪಾದ ಚಾಕುವಿನಿಂದ ಗಂಟೆಗಟ್ಟಲೆ ಕೆರೆದು ತೆಗೆಯುತ್ತಿದ್ದರು. ಅಚ್ಚು ಹಾಕಿದಾಗ ಹಿನ್ನೆಲೆ ಕಪ್ಪಾಗಿ, ಹರಳು ಎದ್ದು ಕಾಣುತ್ತಿತ್ತು. ಬರ್ಲಿನ್ನಿನ ಹವಾಮಾನ ವಿಜ್ಞಾನಿ ಗುಸ್ತಾವ್ ಹೆಲ್‌ಮನ್ ಇದಕ್ಕೆ ಆಕ್ಷೇಪಣೆ ಎತ್ತಿದರು. ಹೆಲ್‌ಮನ್ ಸಹ 1893ರಲ್ಲಿ ನಾಯ್‌ಹಾಸ್ ಎಂಬವರ ಸೂಕ್ಷ್ಮಚಿತ್ರಗಳೊಂದಿಗೆ ಹಿಮಹರಳಿನ ಪುಸ್ತಕ ಹೊರತಂದಿದ್ದರು. ಆ ಚಿತ್ರಗಳಲ್ಲಿ ಹರಳುಗಳು ಸೊಟ್ಟವಾಗಿದ್ದವು, ಒಂದು ತೋಳು ಉದ್ದ, ಒಂದು ಮೋಟು. ಬೆಂಟ್ಲಿಯ ಹರಳುಗಳು ಎಲ್ಲವೂ ಅಷ್ಟು ಅಚ್ಚುಕಟ್ಟಾಗಿರುವುದು ಹೇಗೆ, ಚಾಕು ಅಂಚನ್ನೂ ತಿದ್ದಿದೆಯೇ ಎಂಬುದು ಅವರ ಸಂದೇಹ. ಅಂಚನ್ನು ತಾನು ಮುಟ್ಟಿಲ್ಲ, ಹಿನ್ನೆಲೆಯನ್ನು ಮಾತ್ರ ತೆಗೆದಿದ್ದೇನೆ ಎಂಬುದು ಬೆಂಟ್ಲಿಯ ನಿಲುವು. ನನಗೆ ಬೆಂಟ್ಲಿಯ ಪ್ರಾಮಾಣಿಕತೆಯಲ್ಲಿ ಅನುಮಾನವಿಲ್ಲ, ಆದರೂ ಹೆಲ್‌ಮನ್ ಕೈಯಿಟ್ಟ ಜಾಗ ಸರಿಯಾಗಿತ್ತು. ಚಾಕುವಿಗಿಂತ ಮುಂಚೆಯೇ ಆಯ್ಕೆ ನಡೆದಿತ್ತು. ಕಪ್ಪು ಹಲಗೆಯ ಮೇಲೆ ಬಿದ್ದ ನೂರಾರು ಹರಳುಗಳಲ್ಲಿ ಮುರಿದದ್ದನ್ನು, ಸೊಟ್ಟದ್ದನ್ನು, ಒಂದಕ್ಕೊಂದು ಅಂಟಿದ್ದನ್ನು ಬದಿಗೆ ಸರಿಸಿ, ಚೆಲುವಾದ ಒಂದನ್ನು ಕಡ್ಡಿಯ ತುದಿಯಲ್ಲಿ ಎತ್ತುತ್ತಿದ್ದರು. ಪರಿಪೂರ್ಣ ಹರಳು ಅಪರೂಪ ಎಂದು ಅವರೇ ಬರೆದಿದ್ದರು. ಅದನ್ನು ಓದುವವರು ಕಡಿಮೆ, ಚಿತ್ರ ನೋಡುವವರು ಹೆಚ್ಚು. ನಮ್ಮ ಚಾರ್ಟಿಗೆ ಬಂದದ್ದು ಚಿತ್ರ ಮಾತ್ರ.

ಒಂದರಂತೆ ಇನ್ನೊಂದು ಹಿಮಹರಳು ಇಲ್ಲ ಎಂಬ ಪ್ರಸಿದ್ಧ ಮಾತೂ ಅವರಿಂದಲೇ ಹರಡಿದ್ದು. ಅದನ್ನೂ ಪಾಠದಲ್ಲಿ ನಿಯಮದಂತೆ ಹೇಳದಿರುವುದು ಲೇಸು. 1988ರಲ್ಲಿ ನ್ಯಾನ್ಸಿ ನೈಟ್ ಎಂಬ ವಿಜ್ಞಾನಿ ವಿಮಾನದಿಂದ ಹಿಡಿದ ಮಾದರಿಯಲ್ಲಿ ಸೂಕ್ಷ್ಮದರ್ಶಕಕ್ಕೆ ಒಂದೇ ರೀತಿ ಕಾಣುವ ಎರಡು ಹರಳುಗಳನ್ನು ತೋರಿಸಿದರು. ಕವಲೊಡೆದ ದೊಡ್ಡ ಹರಳುಗಳ ವಿಷಯದಲ್ಲಿ ಬೆಂಟ್ಲಿಯ ಮಾತು ನಿಲ್ಲುತ್ತದೆ, ಸರಳವಾದ ಸಣ್ಣ ಹರಳುಗಳ ವಿಷಯದಲ್ಲಿ ಅಷ್ಟು ಗಟ್ಟಿಯಾಗಿ ಹೇಳಲಾಗದು.

ಹಿಮವಿಲ್ಲದ ತಿಂಗಳುಗಳಲ್ಲಿ ಅವರು ಮಾಡಿದ ಕೆಲಸವೇ ನನಗೆ ಹೆಚ್ಚು ಇಷ್ಟ. 1898ರಿಂದ 1904ರವರೆಗೆ ಅವರು ಮಳೆಹನಿಯ ಗಾತ್ರ ಅಳೆದರು. ಉಪಕರಣ ಎಂದರೆ ಒಂದು ಅಗಲವಾದ ತಟ್ಟೆ, ಅದರಲ್ಲಿ ಒಂದು ಅಂಗುಲ ಮಂದಕ್ಕೆ ಜರಡಿ ಹಿಡಿದು ಹಾಕಿದ ನಯವಾದ ಹಿಟ್ಟು. ಮಳೆ ಬರುವಾಗ ಕೆಲವೇ ಸೆಕೆಂಡು ತಟ್ಟೆಯನ್ನು ಹೊರಗೆ ಹಿಡಿದು ಒಳಗೆ ತರುವುದು. ಪ್ರತಿ ಹನಿಯೂ ಹಿಟ್ಟಿನಲ್ಲಿ ಒಂದೊಂದು ಉಂಡೆ ಕಟ್ಟುತ್ತದೆ. ಒಣಗಿದ ಮೇಲೆ ಹಿಟ್ಟು ಜರಡಿಯಾಡಿಸಿ ಉಂಡೆಗಳನ್ನು ಆರಿಸಿ ಅಳೆಯುವುದು. ಉಂಡೆಯ ಅಳತೆ ಹನಿಯ ಅಳತೆಯೇ ಎಂದು ಅವರು ಸುಮ್ಮನೆ ನಂಬಲಿಲ್ಲ. ಗೊತ್ತಿರುವ ಗಾತ್ರದ ಹನಿಗಳನ್ನು ಎತ್ತರದಿಂದ ಅದೇ ಹಿಟ್ಟಿಗೆ ಬೀಳಿಸಿ ಹೋಲಿಸಿ ನೋಡಿದರು. ಸುಮಾರು 70 ಮಳೆಗಳಿಂದ 344 ಬಾರಿ ಹೀಗೆ ಅಳತೆ ಮಾಡಿದರು. ಅತಿ ದೊಡ್ಡ ಹನಿ ಕಾಲು ಅಂಗುಲ, ಎಂದರೆ ಆರು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಅದಕ್ಕಿಂತ ದೊಡ್ಡವು ಸಿಗಲಿಲ್ಲ. ಅದೇ 1904ರಲ್ಲಿ ಜರ್ಮನಿಯಲ್ಲಿ ಫಿಲಿಪ್ ಲೆನಾರ್ಡ್ ಸಹ, ಬೇರೆ ದಾರಿಯಿಂದ, ಅದಕ್ಕಿಂತ ದೊಡ್ಡ ಹನಿಗಳು ಗಾಳಿಯಲ್ಲಿ ಬೀಳುವಾಗ ಒಡೆದುಹೋಗುತ್ತವೆ ಎಂದು ತೋರಿಸಿದರು. ಬೆಂಟ್ಲಿ ಇನ್ನೂ ಒಂದು ಹೆಜ್ಜೆ ಹೋದರು. ಕೆಲವು ಮಳೆಹನಿಗಳು ಮೋಡದ ಮೇಲ್ಭಾಗದಲ್ಲಿ ಹಿಮವಾಗಿ ಹುಟ್ಟಿ, ಕೆಳಗಿನ ಬೆಚ್ಚಗಿನ ಗಾಳಿಯಲ್ಲಿ ಕರಗಿ ಹನಿಯಾದವು, ಇನ್ನು ಕೆಲವು ಹುಟ್ಟಿನಿಂದಲೇ ನೀರು ಎಂದು ಬರೆದರು. ಹಾಗೆಂದರೆ ಹುಮನಾಬಾದಿನ ಹೊಲದ ಮೇಲೆ ಬೀಳುವ ಗುಡುಗುಮಳೆಯ ಎಷ್ಟೋ ಹನಿಗಳು ಮೇಲೆ ಹಿಮವಾಗಿದ್ದವೇ. ನಮ್ಮ ಮಕ್ಕಳು ಹಿಮ ಕಂಡಿಲ್ಲ ಎನ್ನುತ್ತೇವೆ, ಕರಗಿದ ಹಿಮದಲ್ಲಿ ತೊಯ್ದಿದ್ದಾರೆ.

ಈ ಲೇಖನವನ್ನು ಯಾರೂ ಗಮನಿಸಲಿಲ್ಲ. ಸುಮಾರು ನಲವತ್ತು ವರ್ಷ ಕಳೆದ ಮೇಲೆ, ಮಳೆಹನಿಯ ಪೆಟ್ಟಿಗೆ ಮಣ್ಣು ಹೇಗೆ ಕೊಚ್ಚಿಹೋಗುತ್ತದೆ ಎಂದು ತಿಳಿಯಬೇಕಾದ ವಿಜ್ಞಾನಿಗಳು ಅದೇ ಹಿಟ್ಟಿನ ತಟ್ಟೆ ಹಿಡಿದು ಹೊರಗೆ ನಿಂತರು. 1943ರಲ್ಲಿ ಪ್ರಕಟವಾದ ಲಾಸ್ ಮತ್ತು ಪಾರ್ಸನ್ಸ್ ಅವರ ಅಳತೆಗಳು ಮಣ್ಣು ಸಂರಕ್ಷಣೆಯ ಓದಿನಲ್ಲಿ ಇಂದಿಗೂ ಬರುತ್ತವೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೆಂಟ್ಲಿ ಜೆರಿಕೋದಲ್ಲಿ ಹಿಮ ಹಿಡಿಯುತ್ತಿದ್ದ ಕಾಲದಲ್ಲೇ, 1918ರಲ್ಲಿ, ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ವಿಜ್ಞಾನ ಎಂಬ ಕನ್ನಡ ಮಾಸಪತ್ರಿಕೆ ಆರಂಭಿಸಿದರು. ಅದು ಬಾಳಿದ್ದು ಎರಡೇ ವರ್ಷ. ಕನ್ನಡದಲ್ಲಿ ವಿಜ್ಞಾನದ ಪದಗಳನ್ನು ಕಟ್ಟುವ ಕೆಲಸ ಅಲ್ಲಿ ಹೀಗೆ ಶುರುವಾದಾಗ ಬಸವಕಲ್ಯಾಣ, ಹುಮನಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದವು, ಸರ್ಕಾರಿ ಶಾಲೆಯ ಪಾಠ ಉರ್ದುವಿನಲ್ಲಿ ನಡೆಯುತ್ತಿತ್ತು. ಆ ಪದಗಳು ನಮಗೆ ತಡವಾಗಿ, ಸಿದ್ಧವಾದ ಪಠ್ಯಪುಸ್ತಕದ ರೂಪದಲ್ಲಿ ಬಂದವು. ಅವು ನಮ್ಮ ಬಾಯಲ್ಲಿ ಹದವಾಗುವ ಮೊದಲೇ ಪರೀಕ್ಷೆಗೆ ಬಂದುಬಿಟ್ಟವು. ನಮ್ಮ ಮಗು ಆಣಿಕಲ್ಲು ಎಂದು ಬರೆದರೆ ಕೆಂಪು ಗೆರೆ ಎಳೆದ ಉತ್ತರಪತ್ರಿಕೆಯನ್ನು ನಾನು ನೋಡಿದ್ದೇನೆ. ಎಳೆದವರಲ್ಲಿ ಒಂದು ಕಾಲದಲ್ಲಿ ನಾನೂ ಒಬ್ಬ.

ಬೆಂಟ್ಲಿಗೆ ಮನ್ನಣೆ ಬಂದದ್ದು ಬಹಳ ತಡವಾಗಿ. 1924ರಲ್ಲಿ ಅಮೆರಿಕದ ಹವಾಮಾನಶಾಸ್ತ್ರ ಸಂಘ ಅವರ ನಲವತ್ತು ವರ್ಷದ ತಾಳ್ಮೆಯ ಕೆಲಸಕ್ಕಾಗಿ ಒಂದು ಸಣ್ಣ ಸಂಶೋಧನಾ ಧನ ಕೊಟ್ಟಿತು. ಅಷ್ಟು ಹೊತ್ತಿಗೆ ಅವರ ಬಳಿ ಸಾವಿರಾರು ಫಲಕಗಳಿದ್ದವು, ಕೊನೆಗೆ ಲೆಕ್ಕ 5000 ದಾಟಿತು. ಹವಾಮಾನ ಇಲಾಖೆಯ ಭೌತವಿಜ್ಞಾನಿ ವಿಲಿಯಂ ಹಂಫ್ರೀಸ್ ಮುಂದೆ ಬಂದು ಪಠ್ಯಭಾಗ ಬರೆದುಕೊಟ್ಟ ಮೇಲೆ 1931ರ ನವೆಂಬರಿನಲ್ಲಿ 2400ಕ್ಕೂ ಹೆಚ್ಚು ಚಿತ್ರಗಳ ದೊಡ್ಡ ಪುಸ್ತಕ ಹೊರಬಂದಿತು. ಬಹುಪಾಲು ಹಿಮಹರಳು, ಕೊನೆಯಲ್ಲಿ ಕಿಟಕಿಯ ಹರಳು, ಇಬ್ಬನಿ ಮುಂತಾದವು. ಬೆಂಟ್ಲಿಗೆ ಆಗ ಅರವತ್ತಾರು.

ಆ ಪುಸ್ತಕ ಜಪಾನಿನ ಉಕಿಚಿರೊ ನಕಾಯಾ ಎಂಬ ತರುಣ ಭೌತವಿಜ್ಞಾನಿಯ ಕೈಗೆ ಹೋಯಿತು. ಅವರು ಹೊಕ್ಕೈಡೋ ದ್ವೀಪದ ವಿಶ್ವವಿದ್ಯಾಲಯಕ್ಕೆ ಬಂದಾಗ ಅಲ್ಲಿ ಪ್ರಯೋಗದ ಸಲಕರಣೆ ಕಡಿಮೆ, ಹಿಮ ಮಾತ್ರ ಬೇಕಾದಷ್ಟು. ನಕಾಯಾ ಚೆಲುವಾದವುಗಳ ಜೊತೆಗೆ ಸೊಟ್ಟವನ್ನೂ ಮುರಿದವನ್ನೂ ಬಿಡದೆ ಚಿತ್ರ ತೆಗೆದು ವರ್ಗೀಕರಿಸಿದರು. 1936ರ ಮಾರ್ಚ್ 12ರಂದು ಶೀತಲ ಕೊಠಡಿಯಲ್ಲಿ ಮೊಲದ ಕೂದಲಿನ ತುದಿಯಲ್ಲಿ ಮೊದಲ ಕೃತಕ ಹಿಮಹರಳನ್ನು ಬೆಳೆಸಿದರು. ಉಷ್ಣತೆ, ತೇವ ಬದಲಿಸಿದರೆ ಆಕಾರ ಬದಲಾಗುವುದು ಆಗ ಅಳತೆಗೆ ಸಿಕ್ಕಿತು. ಸೊನ್ನೆಯಿಂದ ಎರಡು ಡಿಗ್ರಿ ಕೆಳಗೆ ತೆಳು ತಟ್ಟೆ, ಐದು ಡಿಗ್ರಿ ಕೆಳಗೆ ಸೂಜಿ ಮತ್ತು ಕಂಬ, ಹದಿನೈದು ಡಿಗ್ರಿಯ ಆಸುಪಾಸಿನಲ್ಲಿ ಕವಲೊಡೆದ ನಕ್ಷತ್ರ. ಬೆಂಟ್ಲಿ ದಿನಚರಿಯಲ್ಲಿ ಬರೆದಿಟ್ಟ ಊಹೆ ನಿಜವಾಗಿತ್ತು, ಹೆಲ್‌ಮನ್ನರ ಆಕ್ಷೇಪಣೆಗೂ ಅಲ್ಲಿ ಉತ್ತರ ಸಿಕ್ಕಿತ್ತು. ಇದನ್ನು ನೋಡಲು ಬೆಂಟ್ಲಿ ಇರಲಿಲ್ಲ.

ನಮ್ಮ ಜೂನ್ ತಿಂಗಳ ಮೊದಲ ಮಳೆಗೆ ಪ್ರಶಿಕ್ಷಣಾರ್ಥಿಗಳು ತಟ್ಟೆಯಲ್ಲಿ ಮೈದಾ ಹಿಟ್ಟು ಹರಡಿ ನೋಡಲಿ. ಜೋಳದ ಹಿಟ್ಟು ತರಿಯಾಗಿರುವುದರಿಂದ ಉಂಡೆ ಸರಿಯಾಗಿ ನಿಲ್ಲುವುದಿಲ್ಲ, ನಾನು ಮಾಡಿ ನೋಡಿದ್ದೇನೆ. ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊರಗಿಟ್ಟರೆ ಉಂಡೆಯ ಮೇಲೆ ಉಂಡೆ ಬಿದ್ದು ಕಲಸಿದ ಹಿಟ್ಟಾಗುತ್ತದೆ. ಔಷಧ ಹಾಕುವ ಡ್ರಾಪರಿನಿಂದ ನೂರು ಹನಿ ಎಣಿಸಿ ಅಳತೆಯ ಲೋಟಕ್ಕೆ ಹಾಕಿದರೆ ಒಂದು ಹನಿಯ ಗಾತ್ರ ಗೊತ್ತಾಗುತ್ತದೆ, ಅದೇ ಹನಿಯನ್ನು ಎತ್ತರದಿಂದ ಹಿಟ್ಟಿಗೆ ಬೀಳಿಸಿ ಉಂಡೆಯೊಂದಿಗೆ ಹೋಲಿಸಬಹುದು. ಬೇಸಿಗೆಯಲ್ಲಿ ಆಣಿಕಲ್ಲು ಬಿದ್ದರೆ, ಮಳೆ ಪೂರ್ತಿ ನಿಂತ ಮೇಲೆ, ಆಯ್ದು ತಂದು ಬಿಸಿ ಮಾಡಿದ ತಟ್ಟೆಯ ಅಂಚಿಗೆ ಒತ್ತಿ ಅರ್ಧ ಕರಗಿಸಿದರೆ ಪದರಗಳು ಕಾಣುತ್ತವೆ. ಬೀಳುತ್ತಿರುವಾಗ ಮಕ್ಕಳನ್ನು ಹೊರಗೆ ಬಿಡಬಾರದು.

1931ರ ಡಿಸೆಂಬರಿನಲ್ಲಿ ಬೆಂಟ್ಲಿ ಕೆಸರು ಹಿಮದ ದಾರಿಯಲ್ಲಿ, ಗಾಳಿಯಲ್ಲಿ, ಮೈಲುಗಟ್ಟಲೆ ನಡೆದು ಮನೆಗೆ ಬಂದರು. ಮೈಮೇಲೆ ಸಾಕಷ್ಟು ಬೆಚ್ಚನೆಯ ಬಟ್ಟೆ ಇರಲಿಲ್ಲ. ಶೀತ ಎದೆಗೆ ಇಳಿದು ನ್ಯುಮೋನಿಯಾ ಆಯಿತು, ವೈದ್ಯರನ್ನು ಕರೆಸಲು ಒಪ್ಪದೆ ಕೆಲವು ದಿನ ತಳ್ಳಿದರು. ಡಿಸೆಂಬರ್ 23ರಂದು, ತಾವು ಹುಟ್ಟಿ ಬೆಳೆದ ಅದೇ ಮನೆಯಲ್ಲಿ ತೀರಿಕೊಂಡರು. ಪುಸ್ತಕ ಹೊರಬಂದು ಒಂದು ತಿಂಗಳಾಗಿತ್ತು. ಹವಾಮಾನದ ದಿನಚರಿಯಲ್ಲಿ ಅವರ ಕೊನೆಯ ಬರಹ ಆ ತಿಂಗಳ ಮೊದಲ ವಾರದ್ದು. ಮಧ್ಯಾಹ್ನ ತಣ್ಣನೆಯ ಉತ್ತರದ ಗಾಳಿ ಬೀಸಿದ್ದನ್ನೂ ಹಿಮ ಹಾರುತ್ತಿದ್ದುದನ್ನೂ ಅದರಲ್ಲಿ ನಮೂದಿಸಿದ್ದಾರೆ.